ಹಗುರ ರಿವಾಲ್ವರಿನ ಹಿಡಿ

ಕೊಟ್ಟೂರಿನ ಉಜ್ಜಿನಿ ರಸ್ತೆಯ ಶೆಡ್ಡಿನಲ್ಲಿ ಬಡಿಗೇರ ಮೌನೇಶಪ್ಪ ಕೊಡಲಿ ಕಾವೊಂದನ್ನು ಹೆರೆಯುತ್ತಿದ್ದಾಗ ಗುರುಬಸವರಾಜ ಬೈಕಿನಿಂದ ಇಳಿದು ಬಲಗೈ ಚಾಚಿದ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಮತ್ತೆ ಹರಿದಿತ್ತು.

"ನಿಮ್ಮ ಹಿಡಿ ಮಾಡಿದ್ದು ನೋಡ್ರಿ. ಕಂಪನಿ ಹಿಡೀನ ವಾಸಿ ಇತ್ತು."

ಮೂವತ್ತು ವರ್ಷದಲ್ಲಿ ಮೌನೇಶಪ್ಪ ಮಾಡಿದ ಒಂದು ಹಿಡಿಯೂ ವಾಪಸ್ ಬಂದಿರಲಿಲ್ಲ. ಕುಡಗೋಲು, ಬಾಚಿ, ಕೊಡಲಿ ಹಿಡಿದು ಕೂಡ್ಲಿಗಿ, ಹಡಗಲಿ ಕಡೆಯವರೂ ಹುಡುಕಿಕೊಂಡು ಬರುತ್ತಿದ್ದರು. ಗುರುಬಸವರಾಜನ ರಿವಾಲ್ವರಿಗೆ ಮಾಡಿದ್ದು ಮಾತ್ರ ಎರಡನೇ ಸಲ ವಾಪಸ್ ಬಂದಿತ್ತು.

ಹಗರಿಬೊಮ್ಮನಹಳ್ಳಿಯಲ್ಲಿ ಎಣ್ಣೆ ಮಿಲ್ ಇಟ್ಟುಕೊಂಡಿರುವ ಗುರುಬಸವರಾಜ ಲೈಸೆನ್ಸ್ ಪಡೆದು, ಅಂಗಿಯೊಳಗೆ ಕಾಣಬಾರದೆಂದು ಇದ್ದುದರಲ್ಲೇ ಹಗುರವಾದದ್ದನ್ನು ಆರಿಸಿದ್ದ. ಲೈಸೆನ್ಸ್ ಇದ್ದವರಿಗೆ ಪೊಲೀಸರು ನಡೆಸುವ ತರಬೇತಿ ಶಿಬಿರದಲ್ಲಿ ಆರು ಗುಂಡು ಹಾರಿಸುವಷ್ಟರಲ್ಲಿ ಕೈ ಜೋಮು ಹಿಡಿದಿತ್ತು. ಬೇರೆ ಹಿಡಿ ಮಾಡಿಸಲೆಂದು ಅವನು ತಂದ, ಗುಂಡು ತೆಗೆದ ರಿವಾಲ್ವರನ್ನು ಅಂಗೈಯಲ್ಲಿಟ್ಟು ತೂಗಿದಾಗಲೇ ಮೌನೇಶಪ್ಪನಿಗೆ ಅನುಮಾನ ಬಂದಿತ್ತು. ಅರ್ಧ ಕೆಜಿಯೂ ಇಲ್ಲ. ಹಗುರ ಸುತ್ತಿಗೆಯಿಂದ ದಪ್ಪ ಮೊಳೆ ಬಡಿದರೆ ಕಬ್ಬಿಣ ನುಂಗಬೇಕಾದ ಏಟನ್ನು ಮಣಿಕಟ್ಟು ನುಂಗುತ್ತದೆ, ಇಲ್ಲಿಯೂ ಅದೇ. ಹೇಳಿಯೂ ಹೇಳಿದ್ದ. ಒಳ್ಳೆಯ ಹಿಡಿಯೊಂದಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ಗುರುಬಸವರಾಜ ಮಾತು ಮುಗಿಸಿದ್ದ.

ಮೊದಲನೆಯದು ತೆಳುವಾಗಿ, ಏಟೆಲ್ಲ ಒಂದೇ ಕಡೆ ಕೂತು, ಮುಂದಿನ ಶಿಬಿರ ಮುಗಿದ ಮರುದಿನವೇ ವಾಪಸ್ ಬಂತು. ಎರಡನೆಯದನ್ನು ಅಗಲ ಮಾಡಿ, ಕೊಡಲಿ ಕಾವಿನಂತೆ ನುಣ್ಣಗೆ ಉಜ್ಜಿ, ಕುಸುಬೆ ಎಣ್ಣೆ ಕುಡಿಸಿದ್ದ. ತಪ್ಪಿದ್ದು ಅಲ್ಲೇ ಎಂಬುದು ಹರಿದ ಚರ್ಮ ನೋಡಿದಾಗ ಹೊಳೆಯಿತು. ಕೊಡಲಿ ಕಾವು ಅಂಗೈಯಲ್ಲಿ ಜಾರಬೇಕು, ಇಲ್ಲದಿದ್ದರೆ ಬೊಬ್ಬೆ. ಇದು ಜಾರಲೇಬಾರದು. ನಳಿಗೆ ಮುಷ್ಟಿಗಿಂತ ಮೇಲಿರುವುದರಿಂದ ಗುಂಡು ಹೊರಟಾಗ ಮೂತಿ ಮೇಲಕ್ಕೆ ಹಾರುತ್ತದೆ. ನುಣುಪಾದ ಹಿಡಿ ಕೈಯಲ್ಲಿ ತಿರುಗಿ ಚರ್ಮ ಕೀಳುತ್ತದೆ.

ತನ್ನ ಮೇಲೆಯೇ ಸಿಟ್ಟು ಬಂತು. ಆ ವಾರವೆಲ್ಲ ಬೇರೆ ಕೆಲಸ ಬದಿಗಿಟ್ಟು ಮೂರನೆಯದನ್ನು ಮಾಡಿದ. ಸ್ವಲ್ಪವಾದರೂ ತೂಕ ಕೂಡಲಿ ಎಂದು ಗಟ್ಟಿಯಾದ ಕಮರ ಮರದ ಕಟ್ಟಿಗೆ ತೆಗೆದುಕೊಂಡ. ಮೈಗೆ ಅರದಿಂದ ಅಡ್ಡಡ್ಡ ಗೆರೆ ಕೊಯ್ದ. ಕಿರುಬೆರಳಿಗೂ ಜಾಗ ಸಿಗಲೆಂದು ಒಂದಂಗುಲ ಉದ್ದ ಬಿಟ್ಟ.

ವಾರದ ಮೇಲೆ ಬಂದ ಗುರುಬಸವರಾಜ ಅದನ್ನು ರಿವಾಲ್ವರಿಗೆ ಕೂಡಿಸಿ, ಮುಷ್ಟಿ ಬಿಗಿದು ನೋಡಿ, ಸೊಂಟಕ್ಕೆ ಸಿಕ್ಕಿಸಿಕೊಂಡ. ಅಂಗಿಯ ಕೆಳಗೆ ಗಂಟಿನಂತೆ ಎದ್ದು ಕಂಡಿತು.

"ಕೈಯಾಗ ಚಲೋ ಕುಂದರತೈತಿ. ಆದ್ರ ಈ ಬುಡ ಒಂದಂಗುಲ ಕಡೀರಿ. ಗೆರಿಗೆ ಅಂಗಿ ಸಿಕ್ಕೊಳ್ಳತೈತಿ, ಅವನ್ನೂ ಉಜ್ಜಿಬಿಡ್ರಿ."

ಬಾಗಿಲಲ್ಲಿ ನಿಂತಿದ್ದ ಮೌನೇಶಪ್ಪನ ಹೆಂಡತಿ ಕಲ್ಯಾಣಮ್ಮ, ಅಷ್ಟು ಕಡಿದ ಮೇಲೆ ಉಳಿಯುವುದು ಚಮಚದ ಹಿಡಿ ಎಂದು ನಕ್ಕಳು. ಮೌನೇಶಪ್ಪ ನಗಲಿಲ್ಲ.

"ಹಗುರನೂ ಇರಬೇಕು, ಕಾಣಲೂಬಾರದು, ಒದೀಲೂಬಾರದು ಅಂದ್ರ ಅದು ಕಟ್ಟಿಗಿ ಕೆಲಸ ಅಲ್ರಿ. ನಾನಂತೂ ಕಡಿಯಂಗಿಲ್ಲ. ಒಯ್ಯಂಗಿದ್ರ ಹಿಂಗ ಒಯ್ರಿ, ಇಲ್ಲಾಂದ್ರ ಕಂಪನೀದು ಹಾಕ್ಕೋರಿ. ಮತ್ತ ಕೈ ಹರಕೊಂಡು ನನ್ನ ಹೆಸರು ಹೇಳಬ್ಯಾಡ್ರಿ."

ಗುರುಬಸವರಾಜ ಹಿಡಿಯನ್ನು ಬಿಚ್ಚಿ, ಕಂಪನಿಯದರ ಜೊತೆ ಚೀಲಕ್ಕೆ ಹಾಕಿಕೊಂಡು ಹೊರಟ. ಯಾವುದನ್ನು ಕೂಡಿಸುತ್ತಾನೋ ಶಿಬಿರದಲ್ಲೇ ಗೊತ್ತಾಗಬೇಕಿತ್ತು. ಮುಂದಿನ ಶಿಬಿರ ಜನವರಿಯ ಎರಡನೇ ಭಾನುವಾರ. ಒಬ್ಬೊಬ್ಬರಿಗೆ ಹತ್ತು ಗುಂಡು.