ಹುಣಸೆಹಣ್ಣು ಹಚ್ಚಿ ತಿಕ್ಕಿದ ಬೋಗುಣಿ

ದೀಪಾವಳಿಗೆ ಮೊದಲು ನಮ್ಮ ಮನೆಯ ಹಿತ್ತಾಳೆ ಪಾತ್ರೆಗಳೆಲ್ಲ ಹಿತ್ತಲಿಗೆ ಬರುತ್ತವೆ. ಹೆಂಡತಿ ಹುಣಸೆಹಣ್ಣು ನೆನೆಸಿಕೊಂಡು ಕೂತಳೆಂದರೆ ನಾನು ಚಪ್ಪಲಿ ಮೆಟ್ಟಿ ಹೊರಗೆ ಹೊರಡುವವನು. ನಾನು ಕೆಲಸಗಳ್ಳನೆಂದು ಅವಳು ತೀರ್ಮಾನಿಸಿ ವರ್ಷಗಳಾದವು. ಸುಳ್ಳೇನಲ್ಲ ಬಿಡಿ. ಆದರೆ ಇದೊಂದು ವಿಷಯದಲ್ಲಿ ಕಾರಣ ಬೇರೆ. ಹುಳಿ ಹಿತ್ತಾಳೆಗೆ ತಾಗಿದಾಗ ಏಳುವ ವಾಸನೆಯಲ್ಲಿ ನನಗೆ ಕೂರಲಾಗುವುದಿಲ್ಲ. ಈ ಸಲ ಮಂಡಿನೋವು, ಎಲ್ಲಿಗೂ ಹೋಗಲಾಗದೆ ಕಟ್ಟೆಯ ಮೇಲೆ ಕೂತೇ ಇದ್ದೆ. ನೀವೂ ಸ್ವಲ್ಪ ಕೂತುಕೊಳ್ಳಿ, ಹೇಳಿಬಿಡುತ್ತೇನೆ.

ಈ ಶತಮಾನದ ಮೊದಲ ವರ್ಷಗಳಲ್ಲಿ ನಾನು ದೋಹಾದಲ್ಲಿ ಒಬ್ಬ ಇರಾನಿ ಮುದುಕರ ಜಮಖಾನೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ನಮ್ಮೂರು ಹುಬ್ಬಳ್ಳಿಯಲ್ಲಿ ಮಾತ್ರ ಮ್ಯಾನೇಜರ್ ಎಂದು ಹೇಳಿಕೊಂಡಿದ್ದೆ. ಮುದುಕರನ್ನು ಎಲ್ಲರೂ ಹಾಜಿ ಎನ್ನುತ್ತಿದ್ದರು. ಎಳೆವಯಸ್ಸಿನಲ್ಲಿ ಶಿರಾಜಿನಿಂದ ಕರಾವಳಿಗಿಳಿದು ದೋಣಿ ಹತ್ತಿ ಬಂದವರು. ಹೆಂಡತಿ ತೀರಿಹೋಗಿದ್ದರು, ಗಂಡುಮಕ್ಕಳು ಬೇರೆ ಬೇರೆ ವಿಲ್ಲಾಗಳಲ್ಲಿದ್ದರು. ಅಲ್ ಅಜೀಜಿಯಾದ ಅವರ ಮನೆಯನ್ನು ನೋಡಿಕೊಳ್ಳುತ್ತಿದ್ದವರು ಉಡುಪಿ ಕಡೆಯ ಲಿಲ್ಲಿಬಾಯಿ. ಶುಕ್ರವಾರದ ರಜೆಯಲ್ಲಿ ಮದೀನತ್ ಖಲೀಫಾದ ನನ್ನ ಕೋಣೆಯಿಂದ ಹೊರಟು, ಕ್ರೈಸ್ತರ ವಾರದ ಪೂಜೆ ಮುಗಿಸಿದ ಅವರನ್ನು ಕಾರಿನಲ್ಲಿ ಹಾಜಿ ಮನೆಗೆ ಬಿಡುತ್ತಿದ್ದೆ. ನಾನು 'ಹೌದ್ರಿ' ಅಂದರೆ ಅವರಿಗೆ ನಗು, ಅವರು 'ಎಂತ ಮಾರಾಯ್ರೆ' ಅಂದರೆ ನನಗೆ ನಗು.

ಹಾಜಿಯ ಪಡಸಾಲೆಯಲ್ಲಿ ಎರಡು ಹಳೆಯ ವಸ್ತುಗಳಿದ್ದವು. ಒಂದು, ನಕ್ಷತ್ರದ ಆಕಾರದ ನೀಲಿ ಹೆಂಚು, ಗಾಜಿನ ಚೌಕಟ್ಟಿನೊಳಗೆ. ಇನ್ನೊಂದು, ಕಪಾಟಿನ ಮೇಲೆ ಗಾಜಿಲ್ಲದೆ ಹಾಗೇ ಇಟ್ಟ ಹಿತ್ತಾಳೆಯ ಬೋಗುಣಿ. ಮಂಗೋಲರು ಇರಾನನ್ನು ಆಳುತ್ತಿದ್ದ ಕಾಲದ್ದಂತೆ. ಮೈಯೆಲ್ಲ ಕಪ್ಪು. ದೀಪದ ಹತ್ತಿರ ಹಿಡಿದರೆ ಆ ಕಪ್ಪಿನೊಳಗಿಂದ ಬೆಳ್ಳಿಯ ಸವಾರರು ಎದ್ದು ಬರುತ್ತಿದ್ದರು, ತಲೆಗೆ ಮಂಗೋಲರ ಟೊಪ್ಪಿಗೆ, ಸುತ್ತ ಚೀನೀ ಮಾದರಿಯ ಕಮಲಗಳು. ಹಾಜಿ ತಮ್ಮ ಬಜಾರಿನ ಹಿಂದಿಯಲ್ಲಿ ಹೇಳುತ್ತಿದ್ದರು: "ಊರು ಸುಟ್ಟವರ ಮೊಮ್ಮಕ್ಕಳಿಗೇ ನಮ್ಮವರು ಇದನ್ನು ಮಾಡಿಕೊಟ್ಟರು. ಏನು ಮಾಡೋದು, ಕೈಗೆ ಅದೊಂದೇ ಕೆಲಸ ಗೊತ್ತಿತ್ತು." ಯಾರ ಕೈಕೆಳಗೋ ದುಡಿಯುತ್ತಿದ್ದ ನಾನು ಇದಕ್ಕೆ ಸುಮ್ಮನೆ ತಲೆಯಾಡಿಸುತ್ತಿದ್ದೆ.

ಹಾಜಿಗೆ ಒಂದೇ ಚಿಂತೆ. ತಾವು ಸತ್ತ ಮೇಲೆ ಮಕ್ಕಳು ಬೋಗುಣಿಯನ್ನು ಎಲ್ಲೆಂದರಲ್ಲಿ ಎಸೆಯುತ್ತಾರೆ ಎಂದು. ಆಗ ದೋಹಾದಲ್ಲಿ ಎಲ್ಲಿ ನೋಡಿದರೂ ಹೊಸ ಮ್ಯೂಸಿಯಮ್ಮುಗಳ ಮಾತು. ಒಂದು ಕಡೆಯವರು ಫೋಟೊ ನೋಡಿ, ನಾವೇ ಬಂದು ನೋಡುತ್ತೇವೆ ಎಂದರು. ಮುದುಕರು ಮಗುವಿನಂತೆ ಹಿಗ್ಗಿದರು. "ನನ್ನ ಹೆಸರು ಬೇಡ, ಅದು ಗಾಜಿನ ಹಿಂದೆ ಉಳಿದರೆ ಸಾಕು," ಎಂದರು. ಬೋಗುಣಿಯನ್ನು ಕಣ್ತುಂಬ ನೋಡಿ ಕಳಿಸಿಕೊಡಬೇಕೆಂದು ಮೊದಲು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಸೇರಿದರು.

ಈಗ ನೀವೇ ಹೇಳಿ. ದೊಡ್ಡವರು ನೋಡಲು ಬರುತ್ತಾರೆ, ಪಾತ್ರೆ ಕರಿ ಹಿಡಿದಿದೆ. ನಮ್ಮ ಕಡೆಯ ಯಾವ ಹೆಂಗಸು ಕೈಕಟ್ಟಿ ಕೂತಾಳು? ಹಾಜಿ ಎಂದೂ ಅದರ ಧೂಳು ಒರೆಸುವುದಕ್ಕಿಂತ ಹೆಚ್ಚೇನೂ ಹೇಳಿರಲಿಲ್ಲ. ಲಿಲ್ಲಿಬಾಯಿ ಮಲಯಾಳಿ ಅಂಗಡಿಯಿಂದ ಹುಣಸೆಹಣ್ಣು ತಂದರು. ಬೂದಿ ಸಿಗಲಿಲ್ಲ, ಅಂಗಳದ ಮರಳು ಜರಡಿ ಹಿಡಿದರು. ತೆಂಗಿನ ನಾರಿನಿಂದ ತಿಕ್ಕಿದರು.

ಹಾಜಿಯನ್ನು ಆಸ್ಪತ್ರೆಯಿಂದ ಕರೆತಂದವನು ನಾನು. ಬಾಗಿಲು ತೆರೆದಾಗಲೇ ಆ ಹುಳಿಯ ವಾಸನೆ ಬಂತು. ಮೇಜಿನ ಮೇಲೆ ಏನನ್ನೋ ಬಿಳಿ ಬಟ್ಟೆಯಿಂದ ಮುಚ್ಚಿಟ್ಟಿದ್ದರು. "ನೋಡಿ ಹಾಜಿ," ಎಂದು ಲಿಲ್ಲಿಬಾಯಿ ಬಟ್ಟೆ ತೆಗೆದರು. ಮದುವೆಮನೆಯ ಕೊಡದಂತೆ ಫಳಫಳ ಹೊಳೆಯುತ್ತಿತ್ತು. ಸವಾರರಿಲ್ಲ, ಕಮಲವಿಲ್ಲ. ಹಾಜಿ ಹೊಸ ಕಣ್ಣನ್ನು ನಂಬದೆ ಬೆರಳಾಡಿಸಿದರು.

"ಕಪ್ಪು ಎಲ್ಲಿ?"

"ಎಲ್ಲ ಹೋಯ್ತು ಹಾಜಿ! ಇಡೀ ದಿನ ತಿಕ್ಕಿದ್ದು."

ಹಾಜಿ ಕುರ್ಚಿಯಲ್ಲಿ ಕೂತು "ಖಲಾಸ್," ಎಂದರು. ಬೈಯಲಿಲ್ಲ.

ಮ್ಯೂಸಿಯಮ್ಮಿನ ಹೆಣ್ಣುಮಗಳು ಬಂದು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಲಿಲ್ಲಿಬಾಯಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕಪ್ಪು ಎಂದರೆ ಕೊಳೆಯಲ್ಲ, ಬೆಳ್ಳಿ ಎದ್ದು ಕಾಣಲೆಂದು ಕುಶಲಕರ್ಮಿ ತುಂಬಿದ ರಾಳ. ಅದರ ಜೊತೆ ಬೆಳ್ಳಿಯ ಚೂರುಗಳೂ ಕಿತ್ತುಬಂದಿವೆ. ಲಿಲ್ಲಿಬಾಯಿ ಒಳಗೆ ಓಡಿ, ಬಚ್ಚಲಿನ ಜಾಲರಿಯಿಂದ ಹೆಕ್ಕಿಟ್ಟಿದ್ದ ಚೂರುಗಳನ್ನು ಮುಲಾಮಿನ ಡಬ್ಬಿಯಲ್ಲಿ ತಂದರು. "ಅಂಟಿಸಲಿಕ್ಕೆ ಆಗ್ತದಾ, ಕೇಳಿ." ಕೇಳಿದೆ. ಮ್ಯೂಸಿಯಮ್ಮಿನಾಕೆ ಆಗದೆಂದು ತಲೆಯಾಡಿಸಿ, ಬೋಗುಣಿಯನ್ನು ಅಲ್ಲೇ ಬಿಟ್ಟು ಹೋದರು.

ಕಾರಿನಲ್ಲಿ ಆ ಶುಕ್ರವಾರ ಲಿಲ್ಲಿಬಾಯಿ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಅಷ್ಟು ಊರು ಸುಟ್ಟವರ ಕೈಲಿ ಉಳಿದದ್ದು, ನನ್ನ ಕೈಲಿ ಹೋಯ್ತಲ್ಲ ಮಾರಾಯ್ರೆ."

"ತಿಳೀದೆ ಆದದ್ದರಿ ಬಾಯಿ," ಎಂದೆ. ಆ ಮಾತಿನಿಂದ ಯಾರಿಗೂ ಸಮಾಧಾನವಾಗಲಿಲ್ಲ.

ಹಾಜಿ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಇನ್ನು ಇದು ಬರೀ ಪಾತ್ರೆ, ಇದರಲ್ಲಿ ಖರ್ಜೂರ ಇಡು ಎಂದರು. ಹಾಜಿಯ ಮನಸ್ಸಿನಲ್ಲಿ ಶಿಕ್ಷೆಯ ಯೋಚನೆ ಇರಲಿಲ್ಲ, ಅದು ನನಗೆ ಗೊತ್ತು. ಆದರೆ ದಿನಾ ಬೆಳಿಗ್ಗೆ ಲಿಲ್ಲಿಬಾಯಿ ಅದನ್ನು ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು ತಂದು ಅವರ ಮುಂದಿಡಬೇಕಿತ್ತು. "ಓಡಿಸಿಬಿಟ್ಟಿದ್ರೆ ಬದುಕ್ತಿದ್ದೆ," ಎಂದು ಒಮ್ಮೆ ನನ್ನ ಹತ್ತಿರ ಅತ್ತರು. ಹಾಜಿ ತೀರಿಕೊಂಡಾಗ ಮಕ್ಕಳು ಮನೆ ಖಾಲಿ ಮಾಡಿದರು. ನೀಲಿ ಹೆಂಚಿಗೆ ಜಗಳವಾಯಿತು. ಬೋಗುಣಿ ಅಡಿಗೆಮನೆಯ ಕೆಟಲುಗಳ ಜೊತೆ ಗುಜರಿಯವನ ಲಾರಿ ಹತ್ತಿತು. ಲಿಲ್ಲಿಬಾಯಿ ಊರಿಗೆ ಹೋದರು. ಅವರ ಮನೆಯಲ್ಲಿ ಈಗ ಹಿತ್ತಾಳೆಯದೆಂಬುದು ಒಂದು ಚಮಚವೂ ಇಲ್ಲವಂತೆ, ಎಲ್ಲ ಸ್ಟೀಲು.

ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೆನೆಯುತ್ತಿದ್ದಾಗ ಹೆಂಡತಿ ತೊಳೆದ ದೀಪವನ್ನು ನನ್ನ ಕೈಗಿತ್ತಳು. "ಒರಸ್ರಿ, ಸುಮ್ನ ಕೂಡೋ ಬದಲು." ನನ್ನ ಅಜ್ಜಿಯ ಕಾಲದ ಗಜಲಕ್ಷ್ಮಿ ದೀಪ. ಹುಟ್ಟಿದಾಗಿನಿಂದ ಇದಕ್ಕೆ ಕೈಮುಗಿದಿದ್ದೇನೆ, ಹತ್ತಿರದಿಂದ ನೋಡಿರಲಿಲ್ಲ. ಆನೆಗಳ ಸೊಂಡಿಲು ಸವೆದಿದೆ. ಲಕ್ಷ್ಮಿಗೆ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ.

"ಇದರ ಮುಖ ಎಲ್ಲಿ ಹೋತ?"

"ನಾ ಈ ಮನೀಗೆ ಬಂದಾಗಿಂದ ಹಿಂಗ ಅದ. ನಿಮ್ಮವ್ವ ಭಾಳ ಪ್ರೀತಿಲೆ ತಿಕ್ತಿದ್ರು," ಎಂದು ಅವಳು ಮತ್ತೊಂದು ಪಾತ್ರೆಗೆ ಹುಳಿ ಹಚ್ಚಿದಳು.

ನಾನು ಎದ್ದು ಹೋಗಲಿಲ್ಲ. ಮುಖವಿಲ್ಲದ ಲಕ್ಷ್ಮಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಟ್ಟೆಯನ್ನು ಅದಕ್ಕೆ ತಾಗಿಸಲು ಧೈರ್ಯವಾಗದೆ, ನೀರು ತಾನಾಗಿ ಆರಲಿ ಎಂದು ಕೂತೆ.