ಹಳದಿ ಚೌಕ

ತಂಗಿ ಕೇಳಿದಾಗ ನಾನು ‘ನನಗೆ ಗೊತ್ತಿಲ್ಲ’ ಎಂದು ಹೇಳಲಿಲ್ಲ. ಅಷ್ಟು ಹೇಳಿದ್ದರೆ ಅವಳ ಆರು ವರ್ಷದ ಕೆಲಸ ಉಳಿಯುತ್ತಿತ್ತು.

ಬೈಲಹೊಂಗಲದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಶಾಲೆ ಬಿಟ್ಟದ್ದು ಆರನೆಯ ತರಗತಿಗೆ. ಕೆಲಸ ಕಲಿತದ್ದು ಕೈಯಿಂದ, ಕಣ್ಣಿಂದ. ಯಂತ್ರದೊಳಗೆ ಏನೇನಿದೆ, ಎಷ್ಟು ಬಿಸಿಯಾಗಿದೆ, ಡಿಸ್ಕ್ ಗಟ್ಟಿಯಿದೆಯೋ ಇಲ್ಲವೋ ಎಂದು ತೋರಿಸುವ ಪುಕ್ಕಟೆ ತಂತ್ರಾಂಶಗಳು ನನ್ನ ಪೆನ್‌ಡ್ರೈವ್‌ನಲ್ಲಿ ಸದಾ ಇರುತ್ತವೆ. ಅವುಗಳ ಇಂಗ್ಲಿಷ್ ಓದಲು ನನಗೆ ಬರುವುದಿಲ್ಲ. ಡಿಸ್ಕ್ ನೋಡುವ ತಂತ್ರಾಂಶದಲ್ಲಿ ಒಂದು ಚೌಕವಿದೆ — ನೀಲಿಯಾದರೆ ಚಲೋ, ಕೆಂಪಾದರೆ ಮುಗಿಯಿತು. ಹಳದಿಯನ್ನೂ ಒಂದೆರಡು ಸಲ ಕಂಡಿದ್ದೆ. ಏನೆಂದು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಓದಲು ಬಾರದ್ದು ಬಯಲಾಗುತ್ತದಲ್ಲ — ಗಿರಾಕಿಗಳ ಮುಂದೆ ತುಟಿ ಅಲ್ಲಾಡಿಸುತ್ತಿದ್ದೆ, ಓದುವವನ ಹಾಗೆ.

ತಂಗಿ ಸುವರ್ಣಾಳನ್ನು ಕಟಕೋಳಕ್ಕೆ ಕೊಟ್ಟಿದ್ದೇವೆ. ಆರು ವರ್ಷ ಊರೂರು ತಿರುಗಿ, ಮುದುಕಿಯರ ಟ್ರಂಕಿನಲ್ಲಿದ್ದ ಹಳೆಯ ಸೀರೆಗಳ ಕಸೂತಿಯನ್ನು ಎಳೆ ಎಣಿಸಿ ಕಂಪ್ಯೂಟರಿನಲ್ಲಿ ಬಿಡಿಸಿಟ್ಟವಳು. ಆ ಸೀರೆಗಳಲ್ಲಿ ಎಷ್ಟೋ ಈಗಿಲ್ಲ. ಆ ಮುದುಕಿಯರೂ...

ಒಂದು ಮಧ್ಯಾಹ್ನ ಕಂಪ್ಯೂಟರ್ ಹೊತ್ತು ಬಂದಳು.

“ನಿಧಾನ ಆಗೇತಿ ಅಣ್ಣಾ. ಗುರ್ ಅಂತೈತಿ, ನಿನ್ನಂಗ.”

ಅಂಗಡಿಯಲ್ಲಿದ್ದವರು ನಕ್ಕರು. ತಂತ್ರಾಂಶ ತೆರೆದೆ. ಚೌಕ ಹಳದಿ.

“ಏನ್ ಬರದೈತಿ ಅಲ್ಲಿ?”

ಪರದೆ ನನ್ನ ಕಡೆಗಿತ್ತು. ತಿರುಗಿಸಿದ್ದರೆ ಅವಳೇ ಓದುತ್ತಿದ್ದಳು — ಹತ್ತನೆಯವರೆಗೆ ಕಲಿತವಳು. ತಿರುಗಿಸಲಿಲ್ಲ.

“ಎಲ್ಲಾ ಚಲೋ ಐತಂತ ಬರದೈತಿ. ಒಯ್ಯಿ.”

ಇಪ್ಪತ್ತು ದಿನಕ್ಕೆ ಡಿಸ್ಕ್ ಸತ್ತಿತು. ಒಂದು ಚಿತ್ರವೂ ಮರಳಿ ಬರಲಿಲ್ಲ. “ನಂದಽ ತಪ್ಪು ಕಾಣ್ತೈತಿ ಅಣ್ಣಾ. ಕರೆಂಟ್ ಹೋದಾಗ ಒಮ್ಮೆ ಹಂಗಽ ಬಂದ್ ಆಗಿತ್ತು,” ಎಂದು ಫೋನಿನಲ್ಲಿ ಅತ್ತಳು.

ನಾನು — “ಇರಬೇಕು” ಎಂದೆ.

ಹಳದಿ ಎಂದರೆ ಎಚ್ಚರಿಕೆ, ಇದ್ದದ್ದನ್ನು ಈಗಲೇ ಬೇರೆ ಕಡೆ ತೆಗೆದಿಡು ಎಂದರ್ಥ — ಹೀಗೆಂದು ಆಮೇಲೆ ಗಿರಾಕಿಯೊಬ್ಬರ ಬಾಯಿಂದ ತಿಳಿಯಿತು. ಅಂದಿನಿಂದ ಕುಂತಲ್ಲಿ ಕೂರಲಾರೆ. ಊಟಕ್ಕೆ ಕೂತವನು ಎದ್ದು ಅಂಗಡಿಗೆ ಹೋಗುತ್ತೇನೆ, ಅಂಗಡಿಯಿಂದ ಬಸ್‌ಸ್ಟ್ಯಾಂಡಿಗೆ. ತಂಗಿಯ ಊರಿನ ಕಡೆ ಹೋಗುವ ರಾಮದುರ್ಗದ ಬಸ್ಸು ಬರುತ್ತದೆ, ಹತ್ತುವುದಿಲ್ಲ. ನೀಲಿ ಚೌಕ ಕಂಡರೂ ಈಗ ಎರಡೆರಡು ಸಲ ನೋಡುತ್ತೇನೆ. ಎರಡು ವರ್ಷ — ಅವಳು ತನ್ನನ್ನೇ ಬೈದುಕೊಂಡ ಎರಡು ವರ್ಷ — ನಾನು ಕೇಳುತ್ತ ಸುಮ್ಮನಿದ್ದೆ.

ಹೋದ ವಾರ ಹತ್ತಿದೆ.

ಸುವರ್ಣಾ ಪಡಸಾಲೆಯಲ್ಲಿ ಯಾರದೋ ಸೀರೆಯ ಸೆರಗು ಹರವಿಕೊಂಡು ಸೂಜಿಯ ಮೊನೆಯಿಂದ ಎಣಿಸುತ್ತಿದ್ದಳು. ಮೊದಲಿನಿಂದ.

“ಕುಂದರ ಅಣ್ಣಾ. ತಡಿ, ಮಾತಾಡಿಸಬ್ಯಾಡ, ಎಳಿ ತಪ್ಪತೈತಿ.”

ಕೂರಲಿಲ್ಲ. ಎಣಿಕೆ ಮುಗಿದು ಅವಳು ತಲೆಯೆತ್ತುವವರೆಗೆ ನಿಂತೇ ಇದ್ದೆ. ಆಮೇಲೆ ಹೇಳಿದೆ.

“ಕರೆಂಟಿಂದ ಆಗಿದ್ದಲ್ಲ ಅದು. ಅವತ್ತ ಅಲ್ಲಿ ಏನ್ ಬರದಿತ್ತಂತ ನನಗ ಗೊತ್ತಿರಲಿಲ್ಲ. ಓದಾಕ ಬರೂದಿಲ್ಲ ನನಗ. ನಿನ್ನ ಕಡೆ ತಿರುಗಸಲೂ ಇಲ್ಲ. ತಪ್ಪು ನಂದು, ತಂಗಿ.”