ಶಿವಯೋಗಪ್ಪನ ಕೈಯೂ ಚಿಗಟೇರಿಯ ರಾಣಿಯೂ

ಚಿಗಟೇರಿಯ ಹಿಟ್ಟಿನ ಗಿರಣಿ ಶಿವಯೋಗಪ್ಪನ ಕೈ ಸುಮ್ಮನಿದ್ದುದನ್ನು ಕಂಡವರು ಯಾರೂ ಈಗ ಬದುಕಿಲ್ಲ. ಮುಚ್ಚಳ ಕಂಡರೆ ತೆಗೆಯಬೇಕು, ಸ್ಕ್ರೂ ಕಂಡರೆ ಬಿಚ್ಚಬೇಕು, ಅದು ಅವನ ಧರ್ಮ. ತೊಟ್ಟಿಲಲ್ಲಿದ್ದಾಗಲೇ ತೊಟ್ಟಿಲು ಬಿಚ್ಚಿ ನೆಲಕ್ಕೆ ಬಿದ್ದವನು ಎಂದು ಹೆತ್ತ ತಾಯಿಯೇ ಹೇಳುತ್ತಿದ್ದಳು. ಮದುವೆಯ ದಿನ ಹಸೆಮಣೆಯ ಮೇಲೆ ಕೂತವನು ಓಲಗದವರ ಶ್ರುತಿಪೆಟ್ಟಿಗೆಯನ್ನು ಕೈಗೆತ್ತಿಕೊಂಡದ್ದರಿಂದ ತಾಳಿ ಕಟ್ಟುವ ಹೊತ್ತಿಗೆ ಡೋಲು ಒಂದನ್ನೇ ಬಾರಿಸಬೇಕಾಯಿತು. ಅವನ ಗಿರಣಿ ವರ್ಷದಲ್ಲಿ ನಾಲ್ಕು ತಿಂಗಳು ತಿರುಗುತ್ತದೆ, ಎಂಟು ತಿಂಗಳು ಗೋಣಿತಾಟಿನ ಮೇಲೆ ಬಿಡಿಬಿಡಿಯಾಗಿ ಮಲಗಿರುತ್ತದೆ. ಅದಕ್ಕೇ ನಮ್ಮ ಓಣಿಯ ಹೆಂಗಸರು, 'ಗಿರಣಿ ಕೂಡೈತೇನು?' ಎಂದು ಕೇಳಿಕೊಂಡೇ ಜೋಳದ ಡಬ್ಬಿ ತಲೆಗೇರಿಸುವುದು.

ಇಂಥ ಪುಣ್ಯಾತ್ಮನ ಹಿತ್ತಿಲಿಗೆ ಎರಡು ಸಾವಿರದ ಎರಡನೆಯ ಇಸವಿಯಲ್ಲಿ ಒಂದು ಪೆಟ್ಟಿಗೆ ಬಂತು. ಜೇನುಪೆಟ್ಟಿಗೆ. ಅದಕ್ಕೊಂದು ಮುಚ್ಚಳ.

ಪೆಟ್ಟಿಗೆ ಅವನದಲ್ಲ, ಅವನ ಹೆಂಡತಿ ಅನ್ನದಾನಮ್ಮನ ಮಹಿಳಾ ಸಂಘದ್ದು. ಹರಪನಹಳ್ಳಿಗೆ ಹನ್ನೊಂದು ಸಲ ಬಸ್ಸು ಹತ್ತಿ, ತೋಟಗಾರಿಕೆ ಕಚೇರಿಯ ಬೆಂಚು ತನ್ನ ಆಕಾರಕ್ಕೆ ತಗ್ಗುವವರೆಗೆ ಕೂತು ಅವಳು ತಂದದ್ದು. ಕೊಟ್ಟ ಸಾಹೇಬರು ಒಂದು ಮಾತು ಹೇಳಿದ್ದರು: ಮೂರು ತಿಂಗಳಿಗೆ ಬಂದು ನೋಡುತ್ತೇವೆ, ಹುಳ ಚೆನ್ನಾಗಿದ್ದರೆ ಸಂಘಕ್ಕೆ ಇನ್ನೂ ಐದು ಪೆಟ್ಟಿಗೆ, ಇಲ್ಲದಿದ್ದರೆ ಇದನ್ನೂ ಎತ್ತಿ ತೆಲಿಗಿಯ ಸಂಘಕ್ಕೆ. ಆವತ್ತಿನಿಂದ ಅನ್ನದಾನಮ್ಮ ತೆಲಿಗಿಯ ಬಸ್ಸನ್ನು ಕಂಡರೂ ಮುಖ ತಿರುಗಿಸುತ್ತಿದ್ದಳು.

ಶಿವಯೋಗಪ್ಪ ಹುಳಗಳ ಕ್ಷೇಮಸಮಾಚಾರ ವಿಚಾರಿಸಲು ಶುರುಮಾಡಿದ. ಬೆಳಗ್ಗೆ ಹಲ್ಲುಜ್ಜುವಾಗ ಒಮ್ಮೆ, ಚಹಾ ಕುಡಿದ ಮೇಲೆ ಒಮ್ಮೆ, ಆಮೇಲೆ ಲೆಕ್ಕವಿಲ್ಲ. ಮುಚ್ಚಳ ತೆಗೆದು, ಒಳಗೆ ಚೌಕಟ್ಟುಗಳಲ್ಲಿ ಹುಳ ಕಟ್ಟಿದ ಮೇಣದ ಎರಿಗಳನ್ನು ಒಂದೊಂದಾಗಿ ಎತ್ತಿ, ಬಿಸಿಲಿಗೆ ಹಿಡಿದು, ತಲೆದೂಗಿ ಇಡುತ್ತಿದ್ದ. ಹುಳಗಳು ಮೊದಮೊದಲು ಕಚ್ಚಿದವು. ಆಮೇಲೆ ಈ ಮುಖಕ್ಕೆ ಎಷ್ಟೆಂದು ಕಚ್ಚುವುದು ಎಂದು ಬೇಸತ್ತು ಬಿಟ್ಟವು. ಒಂಬತ್ತನೆಯ ವಾರ ಎರಿಯೊಂದು ಅವನ ಕೈಜಾರಿ, ಗೂಡಿಗೆಲ್ಲ ಒಬ್ಬಳೇ ಇದ್ದ ರಾಣಿ ಎರಡು ಎರಿಗಳ ನಡುವೆ ಅಪ್ಪಚ್ಚಿಯಾದಳು.

ಮರುದಿನ ಪೆಟ್ಟಿಗೆಗೆ ಕಿವಿಯಿಟ್ಟ ಅನ್ನದಾನಮ್ಮ ಗಂಡನ ಕಡೆ ತಿರುಗಿದಳು.

"ಹುಳದ ದನಿ ಬ್ಯಾರೆ ಆಗೈತಿ. ಏನ್ ಮಾಡಿದ್ರಿ?"

"ನಾ ಏನ್ ಮಾಡ್ಲಿ? ಪಾಪ, ವಯಸ್ಸಾಗಿತ್ತು ಕಾಣ್ತದ, ಎದಿ ಒಡದು ಸತ್ತಾಳ."

ಅಷ್ಟಕ್ಕೇ ನಿಂತಿದ್ದರೂ ನಡೆಯುತ್ತಿತ್ತು. ರಾಣಿ ಸತ್ತರೆ ಹುಳಗಳು ಇದ್ದ ಮರಿಗಳಲ್ಲೇ ಕೆಲವನ್ನು ಆರಿಸಿ, ಶೇಂಗಾಕಾಯಿಯಂಥ ಗೂಡು ಕಟ್ಟಿ, ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ. ಇವೂ ಕಟ್ಟಿದವು. ಆದರೆ ವಾರ ಕಳೆದು ಅನ್ನದಾನಮ್ಮ ಸಂಘದ ಮೀಟಿಂಗಿಗೆ ಹೋದಾಗ ಶಿವಯೋಗಪ್ಪ ಮುಚ್ಚಳ ತೆಗೆದು ನೋಡಿದ. ಎರಿಯ ತುಂಬ ಗಂಟು! ಇದೇನೋ ರೋಗ ಎಂದುಕೊಂಡು ಬ್ಲೇಡು ತಂದು, ಕೆತ್ತಿ, ಒಂದನ್ನೂ ಉಳಿಸದೆ ಸ್ವಚ್ಛ ಮಾಡಿದ. ಹೆಂಡತಿ ಬಂದಾಗ ಅವುಗಳನ್ನು ತಟ್ಟೆಯಲ್ಲಿಟ್ಟು ಆಪರೇಷನ್ ಮಾಡಿದ ಡಾಕ್ಟರನ ಗತ್ತಿನಲ್ಲಿ ತೋರಿಸಿದ. ಮತ್ತೊಂದು ರಾಣಿ ಮಾಡಲು ಆ ಹೊತ್ತಿಗೆ ಗೂಡಿನಲ್ಲಿ ಎಳೆಯ ಮರಿ ಒಂದೂ ಉಳಿದಿರಲಿಲ್ಲ.

ಅನ್ನದಾನಮ್ಮ ಬೈಯಲಿಲ್ಲ. ಸೀರೆಗೆಂದು ಎತ್ತಿಟ್ಟಿದ್ದ ದುಡ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಟ್ಟೂರಿಗೆ ಹೋದಳು. ಸೂರ್ಯಕಾಂತಿ ಹೂಬಿಟ್ಟಲ್ಲೆಲ್ಲ ನೂರಾರು ಪೆಟ್ಟಿಗೆ ಹೊತ್ತು ತಿರುಗುವ ಮಾರಣ್ಣ ಆಗ ಉಜ್ಜಿನಿ ದಾರಿಯ ಹೊಲದಲ್ಲಿ ಬಿಡಾರ ಹೂಡಿದ್ದ. ಅವನು ಬೆಂಕಿಪೊಟ್ಟಣದಷ್ಟು ದೊಡ್ಡ ತಂತಿಜಾಲರಿಯ ಗೂಡಿನಲ್ಲಿ ಒಬ್ಬ ರಾಣಿಯನ್ನು ಹಾಕಿಕೊಟ್ಟ. ಗೂಡಿನ ಬಾಯಿಗೆ ಸಕ್ಕರೆ ಕಲಸಿದ ಉಂಡೆಯ ಬಿರಡೆ.

"ಎರಿ ನಡುವ ಇದನ್ನ ಸಿಗಸು, ಯವ್ವಾ. ಹುಳ ಹೊರಗಿಂದ ಸಕ್ರಿ ತಿಂತಾವ. ತಿಂದು ತೀರೋದಕ್ಕ ಮೂರು ದಿನ. ಅಷ್ಟರಾಗ ಈಕಿ ವಾಸನಿ ಅವಕ್ಕ ರೂಢಿ ಆಗ್ತತಿ. ನಡುವ ಮುಚ್ಚಳ ತೆಗದು ಗಾಬರಿ ಮಾಡಿದಿ ಅಂದ್ರ ಬ್ಯಾರೆ ಮನಿಯಾಕಿ ಅಂತ ಮುತ್ತಿ ಕೊಂದ ಬಿಡ್ತಾವ. ನನ್ನ ಕಡೆ ಇನ್ನೊಬ್ಬಾಕಿ ಇಲ್ಲ."

"ಮೂರು ದಿನ ಯಾರೂ ಮುಟ್ಟಬಾರದಾ?"

"ಮುಟ್ಟಬಾರದು. ಮನ್ಯಾಗ ಸಣ್ಣ ಹುಡುಗರು ಅದಾವೇನು?"

"ಒಂದೈತಿ," ಎಂದಳು ಅನ್ನದಾನಮ್ಮ. "ಐವತ್ತೆರಡು ವರ್ಷದ್ದು."

ಸಾಹೇಬರು ಬರಲು ಇನ್ನು ಹದಿನೈದೇ ದಿನ. ರಾಣಿಯನ್ನು ಎರಿಗಳ ನಡುವೆ ತೂಗುಹಾಕಿ, ಮುಚ್ಚಳ ಮುಚ್ಚಿ, ಅದರ ಮೇಲೆ ಖಾರ ಅರೆಯುವ ಕಲ್ಲು ಹೇರಿ, ಪಕ್ಕದಲ್ಲಿ ತಾನೇ ಕೂತಳು. ಆರತಿ ತಟ್ಟೆ ಹಿಡಿದು, 'ಹೊಸ ಸೊಸಿ ಮಕ ನೋಡ್ತೀನಿ' ಎಂದು ಬಂದ ಪಕ್ಕದ ಮನೆಯ ದ್ಯಾಮಕ್ಕನನ್ನು ಊದಿನಕಡ್ಡಿಯ ಸಮೇತ ಅಟ್ಟಿದಳು. ಶಿವಯೋಗಪ್ಪನನ್ನು ಅಟ್ಟುವುದು ಹೇಗೆ?

"ಬರೇ ಒಂದು ಕಣ್ಣಿಲೆ ನೋಡ್ತೀನಿ," ಎಂದ.

"ಆ ಒಂದೂ ಇರಂಗಿಲ್ಲ ನಿಮಗ."

ಅವನ ಬೆರಳುಗಳು ಗಾಳಿಯಲ್ಲೇ ಏನನ್ನೋ ತಿರುಗಿಸುತ್ತಿದ್ದವು. ಅನ್ನದಾನಮ್ಮ ಎದ್ದು ಹೋಗಿ ಗೋಡೆಯ ಗಡಿಯಾರ ಇಳಿಸಿ ತಂದು ಅವನ ಮುಂದಿಟ್ಟಳು. "ಇದು ಯಾಕೋ ಹಿಂದ ಬೀಳ್ತತಿ, ನೋಡ್ರಿ."

ಗಡಿಯಾರ ಊಟದ ಹೊತ್ತಿನವರೆಗೆ ಬಾಳಿತು. ಆಮೇಲೆ ಹೊಲಿಗೆ ಮೆಷಿನ್ನು. ಸಂಜೆಗೆ ಅವಳ ಸರಕು ಮುಗಿಯಿತು. ಆಗ ಸಂಘದ ಹೆಂಗಸರು ಟೊಂಕ ಕಟ್ಟಿದರು. ಎರಡನೆಯ ದಿನ ಓಣಿಯ ರೇಡಿಯೋ, ಮಿಕ್ಸಿ, ಟೇಬಲ್ ಫ್ಯಾನು, ಔಷಧ ಹೊಡೆಯುವ ಪಂಪು ಎಲ್ಲ ಮೆರವಣಿಗೆಯಲ್ಲಿ ಬಂದವು. ಚೆನ್ನಾಗಿದ್ದವನ್ನೇ 'ಕೆಟ್ಟೈತಿ' ಎಂದು ಎದೆ ಗಟ್ಟಿ ಮಾಡಿಕೊಂಡು ತಂದರು. ಶಿವಯೋಗಪ್ಪ ಬಿಚ್ಚಿದ ವೇಗಕ್ಕೆ ಸ್ಕ್ರೂಗಳು ಆಲಿಕಲ್ಲಿನಂತೆ ಉದುರಿ, ಎರಡು ದಿನ ಆ ಅಂಗಳಕ್ಕೆ ಕೋಳಿಗಳು ಕಾಲಿಡಲಿಲ್ಲ. ಬಿಚ್ಚುವ ವಿದ್ಯೆಯಲ್ಲಿ ಅವನು ಸರ್ವಜ್ಞ. ಕೂಡಿಸುವುದು ಬೇರೆ ಶಾಸ್ತ್ರ, ಅದರ ಗೊಡವೆಗೆ ಅವನು ಹೋದವನಲ್ಲ.

ಮೂರನೆಯ ದಿನ ಮಧ್ಯಾಹ್ನಕ್ಕೆ ಓಣಿಯಲ್ಲಿ ಬಿಚ್ಚದೆ ಉಳಿದ ವಸ್ತು ಎರಡೇ: ಬೋರ್‌ವೆಲ್ಲು ಮತ್ತು ಜೇನುಪೆಟ್ಟಿಗೆ. ಬೋರ್‌ವೆಲ್ಲು ಕೊಡಲು ಹೆಂಗಸರಿಗೂ ಧೈರ್ಯವಾಗಲಿಲ್ಲ. ಶಿವಯೋಗಪ್ಪ ಕೈ ಒರೆಸಿಕೊಂಡು ಎದ್ದು, ಪೆಟ್ಟಿಗೆಯ ಮೇಲಿದ್ದ ಕಲ್ಲನ್ನು ತಬ್ಬಿ ಹಿಡಿದ.

"ಮೂರು ದಿನ ಆತಲ್ಲ, ತೆಗೀತೀನಿ."

"ನಾಳಿ ಮುಂಜಾನಿಗೆ ಮೂರು ದಿನ ರೀ!" ಅನ್ನದಾನಮ್ಮ ಕಲ್ಲಿನ ಇನ್ನೊಂದು ಮಗ್ಗುಲು ಹಿಡಿದಳು. "ಈಕಿ ಸತ್ರ ಐದು ಪೆಟ್ಟಿಗಿ ಹೋದಂಗ. ಐದು ಮನಿ ಹೆಣ್ಣಮಕ್ಕಳು ನನ್ನ ಮಕ ನೋಡಿ ಕುಂತಾರ."

ಅದೇ ಹೊತ್ತಿಗೆ ಪೋಸ್ಟಾಫೀಸಿನ ದುರುಗಪ್ಪ ಹೊಸ ಸ್ಕೂಟರಿನಲ್ಲಿ ಊಟಕ್ಕೆ ಬಂದ. ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ, ಹಾರ ಇನ್ನೂ ಪೂರ್ತಿ ಒಣಗಿರಲಿಲ್ಲ. ಅವನ ಹೆಂಡತಿ ರಮಾ ಆ ಐದು ಮನೆಯವರಲ್ಲಿ ಒಬ್ಬಳು. ಅವಳು ಸ್ಕೂಟರನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು.

"ಶಿವಯೋಗಪ್ಪಣ್ಣ, ನಮ್ಮ ಗಾಡಿ ಯಾಕೋ ಗರ್ ಅಂತೈತಿ, ಒಂಚೂರು ನೋಡು."

"ಏ ಇವಳ! ಯಾವಾಗ ಗರ್ ಅಂತು?" ದುರುಗಪ್ಪ ಬಾಯಿಬಿಟ್ಟ.

"ನಿಮಗ ಕೇಳ್ಸಂಗಿಲ್ಲ, ಸುಮ್ನಿರ್ರಿ," ಎಂದು ಕೀಲಿ ಕಿತ್ತು ಕೊಟ್ಟಳು.

ಶಿವಯೋಗಪ್ಪ ಕಲ್ಲು ಬಿಟ್ಟ. ಅವನ ಮುಖದಲ್ಲಿ ಮೂಡಿದ ಕಳೆ ದೇವರ ಗುಡಿಯಲ್ಲೂ ಯಾರೂ ಕಂಡದ್ದಲ್ಲ. ಕತ್ತಲಾಗುವ ಹೊತ್ತಿಗೆ ಆ ಸ್ಕೂಟರು ನಾಲ್ಕು ಗೋಣಿತಾಟು ತುಂಬಿತ್ತು. ದುರುಗಪ್ಪ ಅದರ ನಡುವೆ ಹಾರ ಹಿಡಿದು ಕೂತಿದ್ದ.

ಮರುದಿನ ಬೆಳಗ್ಗೆ ಅನ್ನದಾನಮ್ಮ ಒಬ್ಬಳೇ ಮುಚ್ಚಳ ಎತ್ತಿದಳು. ಸಕ್ಕರೆಯ ಬಿರಡೆ ಇರಲಿಲ್ಲ, ಜಾಲರಿ ಖಾಲಿ. ಎರಿಯ ಮೇಲೆ ರಾಣಿ ನಡೆದಾಡುತ್ತಿದ್ದಳು, ಹುಳಗಳು ಸರಿದು ದಾರಿ ಬಿಡುತ್ತಿದ್ದವು. ಅವಳು ಉಸಿರು ಬಿಟ್ಟು ಮುಚ್ಚಳ ಮುಚ್ಚಿದಳು.

ಹೇಳಿದ ದಿನಕ್ಕೆ ಸಾಹೇಬರು ಬಂದರು. ಎರಿ ಎತ್ತಿ ನೋಡಿ, ಅದರ ಆರುಮೂಲೆಯ ಒಂದೊಂದು ಕಣ್ಣಿನ ತಳದಲ್ಲಿ ಒಂದೊಂದು ಮೊಟ್ಟೆ ಕಂಡು, ಐದು ಪೆಟ್ಟಿಗೆಗೆ ಅಲ್ಲೇ ಸಹಿ ಹಾಕಿದರು. ಅನ್ನದಾನಮ್ಮ ಆ ಎರಿಯನ್ನು ತನ್ನ ಕೈಯಲ್ಲೇ ಹಿಡಿದು ಗಂಡನನ್ನು ಕರೆದಳು. "ಬರ್ರಿ, ಈಗ ನೋಡ್ರಿ."

ಶಿವಯೋಗಪ್ಪ ಬಗ್ಗಿ ನೋಡಿದ. ಬಿಳಿ ನೂಲಿನ ತುಣುಕಿನಷ್ಟಿದ್ದ ಮೊಟ್ಟೆ ಅವನ ಕಣ್ಣಿಗೆ ಬೀಳಲು ಹೊತ್ತಾಯಿತು.

"ಇಷ್ಟ ಸಣ್ಣದಕ್ಕ ನಾ ಮೂರು ದಿನ ಕಾದ್ನಾ?"

"ನೀವೆಲ್ಲಿ ಕಾದ್ರಿ? ಓಣಿ ನಿಮ್ಮನ್ನ ಕಾದಿದ್ದು," ಎಂದು ಅನ್ನದಾನಮ್ಮ ಎರಿಯನ್ನು ಮೆಲ್ಲಗೆ ಒಳಗಿಳಿಸಿ, ಅವನು ಇನ್ನೂ ಬಗ್ಗಿರುವಾಗಲೇ ಮುಚ್ಚಳ ಹಾಕಿದಳು.